ಚಿಲಕ ಹೊರಗಿದ್ದ ಬೆಕ್ಕಿನ ಗೂಡು

ಸಂಜೆ ನಾಲ್ಕು ಗಂಟೆ ಹತ್ತು ನಿಮಿಷ. ವೆಲ್ಡಿಂಗ್ ಕಿಡಿ ಬಿದ್ದು ಬಿದ್ದು ಚುಕ್ಕೆಚುಕ್ಕೆಯಾಗಿದ್ದ ಮಾವನ ಬಲಗೈ ನಾಯಿಯ ಬಾಯಲ್ಲಿತ್ತು. ಹೆಬ್ಬೆರಳಿನ ಬುಡದಿಂದ ರಕ್ತ ಇಳಿಯುತ್ತಿತ್ತು, ಅದರ ಜೊತೆ ನೂಲಿನಂಥ ಜೊಲ್ಲು. ಮೂರಡಿ ದೂರದಲ್ಲಿ, ಬೆಕ್ಕಿನ ಗೂಡಿನ ಒಳಗೆ ನಿಂತು ನಾನು ನೋಡುತ್ತಿದ್ದೆ. ಈಗಲೂ ಕಣ್ಣು ಮುಚ್ಚಿದರೆ ಆ ಜಾಲರಿಯ ಹಿಂದೆಯೇ ಇರುತ್ತೇನೆ.

ಅವರು ನನ್ನ ಸ್ವಂತ ಮಾವನಲ್ಲ. ತಿ. ನರಸೀಪುರದಲ್ಲಿ ನಮ್ಮ ಎದುರು ಮನೆಯವರು. ಕಿಟಕಿ ಗ್ರಿಲ್ಲು, ಗೇಟು ಮಾಡುವ ಕೆಲಸ. ಅವರು ಸಾಕಿದ ಎರಡು ಬೆಕ್ಕುಗಳನ್ನು ಬೀದಿನಾಯಿಗಳು ಹರಿದುಹಾಕಿದ್ದವು. ಮೂರನೆಯದು ಬಸ್ಸಿನ ಚಕ್ರಕ್ಕೆ ಸಿಕ್ಕಿತು. ಅದನ್ನು ಸಲಿಕೆಯಲ್ಲಿ ಎತ್ತಿ ತಂದ ದಿನವೇ ಮಾವ, ಮಿಕ್ಕಿದ ಕಬ್ಬಿಣ, ಸಣ್ಣ ಕಣ್ಣಿನ ಜಾಲರಿ ಸೇರಿಸಿ ಜಗುಲಿಯ ಅರ್ಧಕ್ಕೆ ಆಳೆತ್ತರದ ಗೂಡು ಕಟ್ಟಿದರು. ಒಳಗೆ ಹತ್ತಿ ಕೂರಲು ಹಲಗೆ, ಮರಳು ತುಂಬಿದ ಬಾಂಡ್ಲಿ, ಉಗುರು ಕೆರೆಯಲು ಗೋಣಿ ಸುತ್ತಿದ ಕಂಬ. ಉಳಿದ ನಾಲ್ಕು ಬೆಕ್ಕುಗಳ ಸಂಸಾರ.

"ಏನ್ ಮಾವೋ, ನಿನ್ ಬೆಕ್ಕುಗೋಳ್ಗೆ ಜಾಮೀನು ಸಿಕ್ತಾ?" ಎಂದು ಬೀದಿಯ ಹುಡುಗರು ರೇಗಿಸುತ್ತಿದ್ದರು.

"ಅವು ಒಳ್ಗೆ ಸುಖವಾಗವೆ ಕಣ್ಲಾ. ಜಾಮೀನು ಬೇಕಾಗಿರೋದು ನಿಂಗೆ."

ಮೊದಲು ಗೂಡಿನ ಒಳಗೂ ಒಂದು ಚಿಲಕವಿತ್ತು. ಗಂಡುಬೆಕ್ಕು ಅದನ್ನು ಪಂಜದಲ್ಲಿ ತಳ್ಳಿ ತೆಗೆಯಲು ಕಲಿತ ಮೇಲೆ ಮಾವ ಚಿಲಕವನ್ನೂ ಹಿಡಿಯನ್ನೂ ಕತ್ತರಿಸಿ ಹಾಕಿದರು. ಜಗುಲಿ ಇಳಿಜಾರು, ಬಿಟ್ಟರೆ ಬಾಗಿಲು ತಾನೇ ಹೊರಕ್ಕೆ ತೆರೆದುಕೊಳ್ಳುತ್ತಿತ್ತು. ಅವರು ಒಳಗೆ ಗುಡಿಸಲು ಹೋದಾಗಲೆಲ್ಲ ಅವರ ಹೆಂಡತಿ, ನನ್ನ ಪಾಲಿನ ಅತ್ತೆ, ಹೊರಗೆ ನಿಂತು ಚಿಲಕ ಹಾಕಬೇಕು.

ಆ ದಿನ ನಂಜನಗೂಡಿನ ಕಾಲೇಜಿನಿಂದ ಬಂದು ಬಸ್ಸಿಳಿದು ಬೀದಿಗೆ ತಿರುಗಿದ್ದೆ. "ಉಚ್ಚುನಾಯಿ! ಓಡ್ರಪ್ಪೋ!" ಎಂದು ಯಾರೋ ಕೂಗಿದರು. ತಿರುಗಿ ನೋಡಿದರೆ ಹುಚ್ಚುನಾಯಿ ಒಂದು ಕರುವಿನ ಮೂತಿ ಕಚ್ಚಿ ಎಳೆಯುತ್ತಿತ್ತು. ಅದನ್ನು ಬಿಟ್ಟು ನನ್ನ ಕಡೆ ಬಂತು. ಹತ್ತಿರವಿದ್ದ ಮಾವನ ಜಗುಲಿ ಹತ್ತಿದೆ. ಮಾವ ನನ್ನ ಕುತ್ತಿಗೆ ಹಿಡಿದು, "ಒಳಕ್ಕೋಗು ಕೂಸೇ!" ಎಂದು ಗೂಡಿಗೆ ನೂಕಿ ಚಿಲಕ ಎಳೆದರು. ಅವರೂ ಒಳಗೆ ಬಂದಿದ್ದರೆ ಬಾಗಿಲು ಹಾಕಲು ಯಾರೂ ಇರುತ್ತಿರಲಿಲ್ಲ. ಮನೆಯ ಬಾಗಿಲೂ ತೆರೆದೇ ಇತ್ತು. "ಬಾಕ್ಲಾಕ್ಕೊಳೇ!" ಎಂದು ಅತ್ತೆಗೆ ಕಿರುಚಿ ತಿರುಗುವಷ್ಟರಲ್ಲಿ ನಾಯಿ ಕೈಗೆ ಬಾಯಿ ಹಾಕಿತು.

ಒಳಗೆ ಬೆಕ್ಕುಗಳು ಹುಚ್ಚೆದ್ದು ನನ್ನ ಬೆನ್ನು, ಕತ್ತು, ಜಡೆ ಹತ್ತಿ ಪರಚಿದವು. ಹೊರಗೆ ಮಾವ ಎಡಗೈಯಲ್ಲಿ ಕಬ್ಬಿಣದ ತುಂಡು ಎತ್ತಿ ಹೊಡೆದರು. ದವಡೆ ಬಿಡಲಿಲ್ಲ. ಮತ್ತೆ ಹೊಡೆದರು. ಮೂಳೆ ಮುರಿಯುವ ಸದ್ದು ಜಾಲರಿಯಲ್ಲಿ ನಡುಗಿ ನನ್ನ ಬೆರಳಿಗೆ ಬಂತು. ಜನ ದೊಣ್ಣೆ ಹಿಡಿದು ಬರುವ ಹೊತ್ತಿಗೆ ನಾಯಿ ಮೆಟ್ಟಿಲ ಮೇಲೆ ಸತ್ತು ಬಿದ್ದಿತ್ತು. ಮಾವ ಎಡಗೈಯಲ್ಲೇ ಚಿಲಕ ತೆಗೆದು, "ನಿಂಗೇನೂ ಆಗ್ನಿಲ್ವಲ್ಲ?" ಅಂದರು.

ಅತ್ತೆ ಬಟ್ಟೆ ಸೋಪು ಹಾಕಿ ನಲ್ಲಿಯ ಕೆಳಗೆ ಗಾಯ ತೊಳೆದೇ ತೊಳೆದರು. ಮಾವ ನನ್ನನ್ನು ಕೇಳಿದರು: "ಓದಿರೋಳು ನೀನು. ಇಂಜೆಕ್ಷನ್ ಆಕುಸ್ಕಂಡ್ರೆ ಬದುಕ್ತೀನೇನವ್ವ?"

"ಬದುಕ್ತೀರ ಮಾವ." ನನಗೆ ಗೊತ್ತಿರಲಿಲ್ಲ. ಹೇಳಿಬಿಟ್ಟೆ.

ಆಗೆಲ್ಲ ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್. ಹೊಟ್ಟೆ ಊದಿಕೊಂಡರೂ ಒಂದನ್ನೂ ತಪ್ಪಿಸಲಿಲ್ಲ. ಆದರೂ ಡಾಕ್ಟರು, ಮೂರು ತಿಂಗಳು ಕಳೆಯದೆ ಏನೂ ಹೇಳಲಾಗದು ಎಂದರು. ಅಂದಿನಿಂದಲೇ ಮಾವ ಬೆಕ್ಕುಗಳನ್ನು ಅಡುಗೆಮನೆಗೆ ಬಿಟ್ಟು, ಗೂಡಿನಲ್ಲಿ ಚಾಪೆ ಹಾಸಿಕೊಂಡರು.

"ನಂಗೇನಾರ ತಲೆ ಕೆಟ್ರೆ ಮೊದ್ಲು ಕಚ್ಚೋದು ನಿನ್ನೇ ಕಣೇ. ಚಿಲಕ ಆಕು."

"ಕಚ್ಚಿದ್ರೆ ಕಚ್ಚು. ಮೂವತ್ತು ವರ್ಸದಿಂದ ನಿನ್ ಮಾತು ಕಚ್ಚುಸ್ಕಂಡಿಲ್ವಾ?" ಎಂದು ಜಗಳವಾಡಿದ ಅತ್ತೆ, ಕೊನೆಗೆ ಅಳುತ್ತಾ ಚಿಲಕ ಹಾಕಿದರು. ಹಾಕಿ ಬಾಗಿಲಿಗೇ ಒರಗಿ ಕೂತರು.

ಹುಚ್ಚು ಏರಿದವರಿಗೆ ನೀರು ಕಂಡರೆ ಗಂಟಲು ಕಟ್ಟುತ್ತದಂತೆ. ಅದಕ್ಕೇ ಪ್ರತಿ ಬೆಳಿಗ್ಗೆ ಅತ್ತೆ ಒಂದು ಲೋಟ ನೀರು ಕೊಡುತ್ತಿದ್ದರು. ನಾನೂ ಹೋಗಿ ನಿಲ್ಲುತ್ತಿದ್ದೆ. ಮಾವ ನಮ್ಮಿಬ್ಬರ ಮುಖ ನೋಡಿಕೊಂಡೇ ಕುಡಿದು, "ಇಳೀತು" ಎನ್ನುತ್ತಿದ್ದರು. ಮೂವರಿಗೂ ಇನ್ನೊಂದು ದಿನ ಸಿಗುತ್ತಿತ್ತು.

ಆಮೇಲೆ ಅವರು ಹತ್ತು ವರ್ಷಕ್ಕೂ ಮೇಲೆ ಬದುಕಿ, ಎದೆನೋವಿನಿಂದ ತೀರಿಕೊಂಡರು. ನನ್ನ ಮದುವೆ ನೋಡಿದರು, ಮಗಳನ್ನು ಎತ್ತಿ ಆಡಿಸಿದರು. ಅವರ ಬಲಗೈ ಹೆಬ್ಬೆರಳು ಮತ್ತೆ ಮಡಚಲೇ ಇಲ್ಲ.

ಡಾಕ್ಟರು ಹೇಳಿದ್ದ ಆ ಮೂರು ತಿಂಗಳು ತುಂಬಿದ ಮರುದಿನ ಎಂದಿನಂತೆ ನೀರಿನ ಹೊತ್ತಿಗೆ ಹೋದೆ. ಗೂಡಿನ ಬಾಗಿಲು ಹಾರುಹೊಡೆದಿತ್ತು. ಬಗ್ಗಿ ನೋಡಿದರೆ ಒಳಗೆ ಒಂದೇ ಚಾಪೆಯಲ್ಲಿ ಮಾವ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದರು. ನಾಯಿ ಕಚ್ಚಿದ್ದ ಅವರ ಕೈಯನ್ನು ಕೆನ್ನೆಯಡಿ ಇಟ್ಟುಕೊಂಡು ಅತ್ತೆ ಮಲಗಿದ್ದರು. ಬಿಸಿಲು ಮುಖಕ್ಕೆ ಬಿದ್ದರೂ ಇಬ್ಬರಿಗೂ ಎಚ್ಚರವಿರಲಿಲ್ಲ.