ಜಕ್ಕೂರಿನ ಕಾರು ತಣ್ಣಗಾಗುವವರೆಗೆ

ಆ ಶುಕ್ರವಾರವೂ ಐದೂವರೆಗೆ ಎದ್ದೆ. ಹಾಲು ಕಾಯಿಸಿ, ಡಿಕಾಕ್ಷನ್ ಇಳಿಯಲು ಬಿಟ್ಟು, ಯಜಮಾನರ ಎಡಗೈಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಸ್ಪಂಜಿನ ಚೆಂಡು ಹಿಡಿಸಿದೆ. ಇಪ್ಪತ್ತು ಸಲ ಹಿಸುಕಬೇಕು. ಹದಿಮೂರರ ಹೊತ್ತಿಗೆ ಅವರು ನನ್ನ ಮುಖ ನೋಡುತ್ತಾರೆ. ನಾನು ಕುಕ್ಕರಿನ ಕಡೆ ನೋಡುತ್ತೇನೆ.

ಅವರಿಗೆ ಪಾರ್ಶ್ವವಾಯು ಆಗಿ ಏಳು ತಿಂಗಳಾಗಿತ್ತು. ಸೋಮವಾರ, ಬುಧವಾರ, ಶನಿವಾರ ಅಲ್ಲಾಳಸಂದ್ರದ ನಮ್ಮ ಅಪಾರ್ಟ್‌ಮೆಂಟಿನಿಂದ ಹೆಬ್ಬಾಳಕ್ಕೆ ಫಿಸಿಯೋಥೆರಪಿಗೆ ಕರೆದುಕೊಂಡು ಹೋಗಬೇಕು. ಹಿಂದಿನ ವಾರ ಫ್ಲೈಓವರಿನ ಬುಡದಲ್ಲಿ ಆಟೋ ಕೆಟ್ಟು ನಿಂತಿತು. ಅವರು ವಾಕರ್ ಹಿಡಿದು ಸರ್ವೀಸ್ ರಸ್ತೆಯ ಧೂಳಿನಲ್ಲಿ ಅರ್ಧ ಗಂಟೆ ನಿಂತರು. ಬಲಗೈಯಿಂದ ಅಂಗಿಯ ಮೇಲಿನ ಗುಂಡಿ ಹಾಕುತ್ತಿದ್ದರು, ಬಿಚ್ಚುತ್ತಿದ್ದರು, ಮತ್ತೆ ಹಾಕುತ್ತಿದ್ದರು. ಕಾರು ಕೊಳ್ಳುವುದೆಂದು ನಾನು ಅಲ್ಲಿಯೇ ತೀರ್ಮಾನಿಸಿದೆ. ನನಗೆ ಓಡಿಸಲು ಬರುವುದು ಆಟೋಮ್ಯಾಟಿಕ್ ಮಾತ್ರ. ಹೊಸದು ನಮ್ಮ ಕೈಗೆಟುಕುವುದಿಲ್ಲ. ಹಳೆಯದಾದರೂ ದಾರಿಯಲ್ಲಿ ನಿಲ್ಲದಂಥದ್ದು ಬೇಕಿತ್ತು.

ಜಕ್ಕೂರಿನಲ್ಲಿ ಒಂದಿದೆ ಎಂದು ತಿಳಿಯಿತು. ಸಣ್ಣ ಕಾರೇ, ಆದರೆ ದುಬಾರಿ ಪೈಕಿ. ಆರು ವರ್ಷ ಹಳೆಯದು, ಒಬ್ಬರೇ ಮಾಲೀಕರು. ಪರಿಚಯದ ಮೆಕ್ಯಾನಿಕ್ ಫೋನಿನಲ್ಲಿ ಹೇಳಿದ್ದ: “ಪೇಂಟು, ಸೀಟು, ಸರ್ವೀಸ್ ಬುಕ್ಕು ಎಲ್ಲಾ ಆಮೇಲೆ ನಾನ್ ನೋಡ್ಕೋತೀನಿ ಮೇಡಂ. ಮೊದಲನೇ ಸ್ಟಾರ್ಟ್ ಮಾತ್ರ ನೀವೇ ನೋಡ್ಬೇಕು. ಗಾಡಿ ತಣ್ಣಗಿರ್ಬೇಕು. ಗೇರ್ ‘ಡಿ’ಗೆ ಹಾಕಿ, ಬ್ರೇಕ್ ನಿಧಾನಕ್ಕೆ ಬಿಡಿ. ಗಡಗಡ ಅಂತ ನಡುಗಿದ್ರೆ ನನ್ನನ್ನ ಕರೀಲೇಬೇಡಿ, ಮನೆಗ್ ಹೋಗ್ಬಿಡಿ.”

ಎದುರು ಮನೆಯಾಕೆಯನ್ನು ಯಜಮಾನರ ಜೊತೆ ಕೂರಿಸಿ ಹೊರಟೆ. ಏಳೂವರೆಗೆ ಜಕ್ಕೂರು ತಲುಪಿದಾಗ ಅಲ್ಲಿ ವಾಹನಪೂಜೆ ಮುಗಿದಿತ್ತು. ಹಳೇ ಊರಿನ ದೊಡ್ಡ ಅಂಗಳ. ಟ್ರ್ಯಾಕ್ಟರು, ಸ್ಕೂಟರು, ಹುಣಸೆ ಮರದಡಿ ಕಾರು. ಮೂರಕ್ಕೂ ಅರಿಶಿನ, ಕುಂಕುಮ, ಚೆಂಡುಹೂವು. ಸ್ಕೂಟರಿನ ಸೀಟಿನ ಮೇಲೆ ಇಬ್ಬನಿ ಇತ್ತು. ಟ್ರ್ಯಾಕ್ಟರಿನ ಮೇಲೂ ಇತ್ತು. ಕಾರಿನ ಚಾವಣಿಯ ಮೇಲೂ ಇತ್ತು, ಬಾನೆಟ್ಟಿನ ಮೇಲೆ ಮಾತ್ರ ಇರಲಿಲ್ಲ. ಕುಂಕುಮದ ಪಕ್ಕದಲ್ಲಿ, ನಮಸ್ಕಾರ ಮಾಡುವವಳಂತೆ, ಅಂಗೈ ಇಟ್ಟೆ. ಬೆಚ್ಚಗಿತ್ತು.

“ಶುಕ್ರವಾರ ಅಲ್ವಾ ಮೇಡಂ, ಪೂಜೆ ಮಾಡಿ ಒಂದ್ ರೌಂಡ್ ಹೊಡ್ಕೊಂಡ್ ಬಂದೆ. ಬನ್ನಿ, ಓಡಿಸಿ ನೋಡಿ. ಬೆಣ್ಣೆ ಇದ್ದಂಗೈತೆ,” ಎಂದರು ಮಾಲೀಕರು.

ನಾಳೆ ಬಂದರೆ ನಾಳೆಯೂ ಒಂದು ರೌಂಡು ಆಗಿರಬಹುದು. ನಿಮ್ಮ ಮೇಲೆ ನಂಬಿಕೆಯಿಲ್ಲ ಎಂದು ಮುಖಕ್ಕೆ ಹೇಳುವುದನ್ನು ಕಾನ್ವೆಂಟಿನ ಸಿಸ್ಟರುಗಳು ನಮಗೆ ಕಲಿಸಿರಲಿಲ್ಲ. ಅವರು ಕಲಿಸಿದ್ದು ಬೇರೆಯವರ ಮನೆಯಲ್ಲಿ ಬೆನ್ನು ನೆಟ್ಟಗೆ ಇಟ್ಟುಕೊಂಡು ಕೂರುವುದನ್ನು. ಇಂಜಿನ್ ಪೂರ್ತಿ ತಣ್ಣಗಾಗಲು ಎಷ್ಟು ಹೊತ್ತು ಬೇಕೆಂದು ಮೆಕ್ಯಾನಿಕ್‌ಗೆ ಮೆಸೇಜು ಹಾಕಿದೆ. “ನಾಲ್ಕು ಗಂಟೆ” ಎಂದು ಬಂತು.

“ನನಗೇನೂ ಅವಸರ ಇಲ್ಲ,” ಎಂದು ಜಗಲಿಯ ಮೇಲೆ ಕುಳಿತೆ.

ಮಾಲೀಕರ ಹೆಂಡತಿ ಕಾಫಿ ತಂದರು, ಸ್ವಲ್ಪ ಹೊತ್ತಿಗೆ ಉಪ್ಪಿಟ್ಟು. ಆಮೇಲೆ ನೆನೆಸಿದ ಅವರೆಕಾಳಿನ ಪಾತ್ರೆ ತಂದು ನನ್ನೆದುರು ಕೂತು ಹಿಸುಕತೊಡಗಿದರು. ಸುಮ್ಮನೆ ಕೂರಲಾಗದೆ ನಾನೂ ಕೈಹಾಕಿದೆ. ಅವರ ಕಾಳು ಒಂದೇ ಒತ್ತಿಗೆ ತಟ್ಟೆಗೆ ಬೀಳುತ್ತಿತ್ತು. ನನ್ನದು ಎರಡು ಸಲ ಅಂಗಳಕ್ಕೆ ಹಾರಿತು, ಕೋಳಿ ತಿಂದಿತು. ಯಜಮಾನರ ವಿಷಯ, ಫ್ಲೈಓವರಿನ ವಿಷಯ ಎಲ್ಲ ಮಾತಿನ ನಡುವೆ ಹೇಳಿದೆ. ಅವರು ಕಾಳಿನಿಂದ ಕಣ್ಣೆತ್ತದೆ ಕೇಳಿಸಿಕೊಂಡರು.

ಒಂಬತ್ತೂವರೆಗೆ ಮಾಲೀಕರು ಕೀಲಿ ಕುಣಿಸುತ್ತ ಮತ್ತೆ ಬಂದರು. “ಇನ್ನೂ ಕೂತಿದ್ದೀರಾ ಮೇಡಂ? ಸ್ಟಾರ್ಟ್ ಮಾಡ್ತೀನಿ ಇರಿ.”

“ಸುಮ್ಕಿರ್ರೀ,” ಎಂದರು ಹೆಂಡತಿ. “ಆಯಮ್ಮ ಕಾರ್ ತಣ್ಣಗಾಗ್ಲಿ ಅಂತ ಕೂತವ್ರೆ. ನೀವ್ ಇಂಗೆ ಕೀಲಿ ಆಡಿಸ್ಕೊಂಡು ಬಂದ್ರೆ ಎಂಗೆ?”

ನನ್ನ ಕಿವಿ ಬಿಸಿಯಾಯಿತು. ಮಾಲೀಕರು ನನ್ನನ್ನೊಮ್ಮೆ, ಕಾರನ್ನೊಮ್ಮೆ ನೋಡಿ ನಕ್ಕುಬಿಟ್ಟರು. “ಅಲ್ಲಾ ಮೇಡಂ, ಬಾಯ್ಬಿಟ್ಟು ಹೇಳೋದಲ್ವಾ? ಮದುವೆ ಮನೇಲಿ ಎಲೆಗೆ ಕಾಯ್ದಂಗೆ ಕೂತ್ಬಿಟ್ರಲ್ಲ.” ಕೀಲಿಯನ್ನು ನನ್ನ ಪಕ್ಕದಲ್ಲೇ ಇಟ್ಟು ಹೋದರು.

ಹನ್ನೊಂದೂವರೆಗೆ ಕಾಳು ಮುಗಿಯಿತು. ಕೈ ತೊಳೆದುಕೊಂಡು ಕಾರಿನಲ್ಲಿ ಕುಳಿತೆ. ಒಳಗೆ ಹೊಸ ಮ್ಯಾಟು, ಒರೆಸಿದ ಗಾಜು. ಸ್ಟಾರ್ಟ್ ಮಾಡಿದೆ. ಇಂಜಿನ್ ಸದ್ದು ಚೆನ್ನಾಗಿಯೇ ಇತ್ತು. ‘ಡಿ’ಗೆ ಹಾಕಿ ಬ್ರೇಕ್ ಮೇಲಿನ ಕಾಲನ್ನು ನಿಧಾನವಾಗಿ ಎತ್ತಿದೆ. ಕಾರು ಒಂದು ಗೇಣು ಮುಂದೆ ಹೋಗಿ ಗಡಗಡ ನಡುಗಿತು, ನಿಂತಿತು, ಮತ್ತೆ ನಡುಗಿತು. ಕನ್ನಡಿಗೆ ಹಾಕಿದ್ದ ಹೂವು ಉದುರಿತು.

“ಒಂದ್ ನಿಮಿಷ ಅಷ್ಟೇ, ಆಮೇಲೆ ಸರಿಹೋಗುತ್ತೆ,” ಎಂದರು ಮಾಲೀಕರು ಕಿಟಕಿಯ ಹತ್ತಿರ ಬಗ್ಗಿ.

“ಮಧ್ಯ ದಾರಿಯಲ್ಲಿ ಹೀಗಾದರೆ?” ಎಂದೆ.

ಅವರು ಜಗಲಿಯ ಕಡೆ ನೋಡಿದರು. ಹೆಂಡತಿ ಹೇಳಿದರು: “ಅವ್ರ ಯಜಮಾನ್ರಿಗೆ ಕೈಕಾಲು ಸ್ವಾಧೀನ ಇಲ್ಲ ಕಣ್ರೀ. ಆಸ್ಪತ್ರೆಗೆ ಕರ್ಕೊಂಡು ಹೋಗೋಕೆ ಕೇಳ್ತಾವ್ರೆ.”

ಮಾಲೀಕರು ಕಿಟಕಿಯಿಂದ ಕೈ ತೆಗೆದರು. “ಅದನ್ನ ಫೋನಲ್ಲೇ ಹೇಳಿದ್ರೆ ನಾನ್ ಈ ಗಾಡಿ ತೋರಿಸ್ತಾನೇ ಇರ್ಲಿಲ್ಲ ಮೇಡಂ. ಎರಡ್ ಸಲ ನಿಂತೈತೆ ಇದು.” ಕಾರಿನ ಚಾವಣಿ ತಟ್ಟುತ್ತ, “ಬೇರೆಯೋರು ಬಂದ್ರೆ ಹೇಳ್ತೀನಾ ಇಲ್ವಾ, ಅದ್ ಬೇರೆ ಮಾತು,” ಎಂದರು.

ಕೀಲಿ ಕೊಟ್ಟು ಥ್ಯಾಂಕ್ಸ್ ಹೇಳಿ ಹೊರಟೆ. ಮೆಕ್ಯಾನಿಕ್‌ಗೆ ಫೋನ್ ಮಾಡಲಿಲ್ಲ.

ಊಟ ಬಡಿಸುವಾಗ ಕಾರು ಆಗಲಿಲ್ಲ ಎಂದು ಯಜಮಾನರಿಗೆ ಹೇಳಿದೆ. “ನಡುಗ್ತಾ?” ಎಂದರು. ಹೂಂ ಎಂದೆ. ಅನ್ನ ಕಲಸಿಕೊಂಡರು.

ಸಂಜೆ ಅವರು ವಾಕರ್ ಹಿಡಿದು ಲಿಫ್ಟಿನವರೆಗೆ ನಡೆದು ಬರುತ್ತಿದ್ದರು, ನಾನು ಒಂದು ಹೆಜ್ಜೆ ಹಿಂದೆ. ಎದುರು ಮನೆಯಾಕೆ ಬಾಗಿಲ ಮುಂದಿನ ಕುಂಡಗಳಿಗೆ ನೀರು ಹಾಕುತ್ತಿದ್ದರು. ನಮಗೆ ದಾರಿ ಬಿಡಲು ಚೆಂಬು ಸಮೇತ ಗೋಡೆಗೆ ಸರಿದು ಹೇಳಿದರು: “ನಾಳೆಯಿಂದ ಏರ್ ಶೋ ವಿಮಾನಗಳ ರಿಹರ್ಸಲ್ ಅಂತೆ ಕಣ್ರೀ, ರೋಡೆಲ್ಲ ಜಾಮು. ಆಟೋಗೆ ಈಗ್ಲೇ ಹೇಳಿಟ್ಬಿಡಿ, ಹೆಬ್ಬಾಳ ಅಂದ್ರೆ ನಾಳೆ ಯಾವನೂ ಬರಲ್ಲ.”