ಖಬರಿಯ ತೊಗರಿ ಹೊಲ ಮತ್ತು ನನ್ನ ಮುತ್ತಿನಂಥ ಅಕ್ಷರ

ದೊಡ್ಡ ದೇಶವೊಂದರ ಗುಪ್ತಚರರು ಯಾವುದೋ ಬೆಟ್ಟಗಾಡಿನ ಬಂಡುಕೋರರಿಗೆ ಬಂದೂಕು ಕೊಟ್ಟರಂತೆ, ಆ ಬಂಡುಕೋರರು ಅಫೀಮು ಮಾರಿದರಂತೆ, ಗುಪ್ತಚರರು ಕಂಡೂ ಕಾಣದಂತಿದ್ದರಂತೆ. ಹಾಗೆಂದು ಆರೋಪ, ಆ ಸರ್ಕಾರ ಇಲ್ಲವೆನ್ನುತ್ತದೆ. ಈ ಸುದ್ದಿ ಓದಿದ ದಿನ ನಮ್ಮ ಯಜಮಾನರು ಕನ್ನಡಕ ತೆಗೆದು, “ಹಿಂಗೂ ಇರ್ತದೇನ?” ಎಂದು ಗೊತ್ತಿಲ್ಲದವರ ಹಾಗೆ ಕೇಳಿದರು. ನನಗೆ ನಗು ತಡೆಯಲಾಗಲಿಲ್ಲ. ಸುರಪುರ ತಾಲೂಕಿನ, ದಿನಕ್ಕೆ ಎರಡೇ ಬಸ್ಸು ಬರುವ ಊರಿನಲ್ಲಿ ಇದನ್ನೆಲ್ಲ ಕಣ್ಣಾರೆ ಕಂಡವಳು ನಾನು. ಕಂಡವಳೇನು ಬಂತು, ಅದರ ಕಾಗದಪತ್ರ ಬರೆದವಳೇ ನಾನು.

ಆ ಊರಿನ ಪ್ರಾಥಮಿಕ ಶಾಲೆಯಲ್ಲಿ ನಾನು ಅಕ್ಕೋರು. ನಮ್ಮ ಕಡೆ ಶಾಲೆಯ ಮೇಡಂಗೆ ಹಾಗೆಯೇ ಅನ್ನುತ್ತಾರೆ. ಯಜಮಾನರು ಶಹಾಪುರದಲ್ಲಿ ಗುಮಾಸ್ತರು, ಶನಿವಾರ ಬಂದು ಸೋಮವಾರ ಹೋಗುವವರು. ಆಗಷ್ಟೇ ಕಾಲುವೆ ಬಂದಿತ್ತು. ಜೋಳ ಬಿತ್ತುತ್ತಿದ್ದ ಎರೆ ಹೊಲಗಳಲ್ಲಿ ಭತ್ತದ ನಾಟಿ ಶುರುವಾಗಿ, ಜೀಪು, ಗುತ್ತಿಗೆದಾರರು, ತೆಲುಗು ಮಾತಾಡುವ ಕ್ಯಾಂಪಿನ ಜನ ಎಲ್ಲ ಬಂದರು. ಅವರ ಹಿಂದೆಯೇ ಮೇಲಿನವರಿಗೆ ಒಂದು ಭಯವೂ ಬಂತು. ಗಡಿಯಾಚೆ ಕಾಡಿನಲ್ಲಿ ಬಂದೂಕು ಹಿಡಿದು ತಿರುಗುವವರು ಕಾಲುವೆ ದಂಡೆ ಹಿಡಿದು ಈಚೆ ನಡೆದುಬಂದರೆ ಗತಿಯೇನು? ಅದನ್ನು ಗುಟ್ಟಾಗಿ ಪತ್ತೆ ಮಾಡಲು ಒಬ್ಬ ಅಧಿಕಾರಿಯನ್ನು ಸಾದಾ ಬಟ್ಟೆಯಲ್ಲಿ ಕಳಿಸಿದರು.

ಅವರು ಬಸ್ಸಿಳಿದ ಹತ್ತು ನಿಮಿಷದಲ್ಲಿ ಗುಟ್ಟು ಊರಿಗೆಲ್ಲ ಗೊತ್ತಾಯಿತು. ಅಂಗಿ ಪ್ಯಾಂಟು ಸಾದಾವೇ, ಕಾಲಲ್ಲಿ ಮಾತ್ರ ಪೊಲೀಸರ ಕೆಂಪು ಬೂಟು. ಅಂದಿನಿಂದ ಅವರ ಹೆಸರು ಮಫ್ತಿ ಸಾಹೇಬರು. ಹೋಟೆಲಿನವನು “ಮಫ್ತಿ ಸಾಹೇಬ್ರಿಗಿ ಒಂದ್ ಚಾ” ಎಂದು ಕೂಗಿದರೆ ಅವರೇ ಕೈ ಎತ್ತುತ್ತಿದ್ದರು.

ಗುಪ್ತಚರರಿಗೆ ಸುದ್ದಿ ತಂದುಕೊಡಲು ಒಬ್ಬ ಖಬರಿ ಬೇಕಲ್ಲ. ಊರಲ್ಲೇ ಸಿಕ್ಕ. ಕಾಲುವೆಯ ತೂಬಿನ ಪಕ್ಕದಲ್ಲೇ ಎಂಟೆಕರೆ ಎರೆ ಹೊಲ ಇದ್ದ ಆಸಾಮಿ. ಹರೆಯದಲ್ಲಿ ಅಪ್ಪನ ಕೂಡ ಜಗಳಾಡಿ ಗುರುಮಠಕಲ್ ಕಡೆ ಓಡಿಹೋಗಿ ಮೂರು ತಿಂಗಳು ಸೇಂದಿ ಅಂಗಡಿಯಲ್ಲಿ ಲೋಟ ತೊಳೆದಿದ್ದ. ಸಾಹೇಬರು ಬಂದಮೇಲೆ ಆ ಮೂರು ತಿಂಗಳು ಸೇಂದಿ ಅಂಗಡಿಯಿಂದ ಕಾಡಿಗೆ ಹೋಯಿತು. “ಕಾಡಿನ ಮಂದಿ ಕೂಡ ಉಂಡೀನ್ರಿ, ಮಲಗೀನ್ರಿ. ಬ್ಯಾಸರಾಗಿ ಬಿಟ್ಟ ಬಂದೀನಿ. ಈಗೂ ಅವರ ಗುಣ ಎಲ್ಲಾ ಗೊತ್ತದ” ಎಂದ. ಸಾಹೇಬರು ನಂಬಿದರು. ನಂಬಲಿಲ್ಲವೋ ಏನೋ, ನಂಬಿದರೆ ಕೆಲಸ ಸಲೀಸು ಎಂಬುದು ಅವರಿಗೆ ತಿಳಿದಿತ್ತು.

ಈ ಖಬರಿಯ ಹೊಲದಲ್ಲಿ ತೊಗರಿ ಸಾಲಿನ ನಡುವೆ ಗಾಂಜಾ ಬೆಳೆಯುತ್ತಿರುವುದು ಊರಿನ ಎಮ್ಮೆಗಳಿಗೂ ಗೊತ್ತಿತ್ತು. ಗಾಳಿ ಬೀಸಿದರೆ ಶಾಲೆಯ ತನಕ ಘಾಟು ಬರುತ್ತಿತ್ತು. ಸಾಹೇಬರಿಗೆ ಮಾತ್ರ ಆ ಹೊಲದ ಹತ್ತಿರ ಹೋದ ಕೂಡಲೇ ನೆಗಡಿ. ಕರವಸ್ತ್ರ ಮೂಗಿಗೆ ಹಿಡಿದು ದಾಟಿಬಿಡುತ್ತಿದ್ದರು. ಬೇಲಿಯೇ ಎದ್ದು ಹೊಲ ಮೇಯ್ದರೆ ಅನ್ನುವ ಗಾದೆ ಎಲ್ಲರೂ ಕೇಳಿದ್ದೀರಿ, ಬೇಲಿಗೆ ನೆಗಡಿ ಬಂದದ್ದನ್ನು ನೋಡಿದ್ದು ನಮ್ಮೂರೇ. ಒಮ್ಮೆ ನಾನು ಬಾಯಿಬಿಟ್ಟು ಕೇಳಿದೆ. “ಅಕ್ಕೋರ, ದೊಡ್ಡ ಮೀನ ಹಿಡೀಬೇಕಾದ್ರ ಸಣ್ಣ ಮೀನಕ್ಕ ಕಣ್ಣ ಮುಚಗೋಬೇಕಾಗ್ತದ್ರಿ. ದೇಶದ ಸವಾಲ್ ಅದ” ಎಂದರು. ದೇಶದ ಹೆಸರು ಬಂದಮೇಲೆ ನಾನೂ ಸುಮ್ಮನಾದೆ.

ನಾನು ಇದರೊಳಗೆ ಸಿಕ್ಕಿದ್ದು ನನ್ನ ಅಕ್ಷರದಿಂದ. ಸಾಹೇಬರ ಅಕ್ಷರ ಕೋಳಿ ಕೆದರಿದ ಹಾಗಿತ್ತು. ಮೇಲಿನ ಕಚೇರಿಯಿಂದ ಬೈಗುಳ ಬಂದಿತ್ತಂತೆ. ಮಧ್ಯಾಹ್ನದ ಬಿಡುವಿನಲ್ಲಿ ಶಾಲೆಗೆ ಬಂದು, “ನಿಮ್ಮ ಅಕ್ಷರ ಮುತ್ತಿನಂಗ ಅವ ಅಕ್ಕೋರ, ನಾಕ ಸಾಲ ಬರದಕೊಡ್ರಿ” ಎಂದರು. ಹೊಗಳಿಕೆಗೆ ಉಬ್ಬದವರು ಯಾರು? ಬರೆದುಕೊಟ್ಟೆ. ಅಂದಿನಿಂದ ಆ ಭಾಗದ ಅತಿ ಗುಪ್ತ ವರದಿಗಳೆಲ್ಲ ಎರಡನೆಯ ತರಗತಿಯ ಮೇಜಿನ ಮೇಲೆ, ಮಕ್ಕಳು ಹೊರಗೆ ಲಗೋರಿ ಆಡುತ್ತಿದ್ದಾಗ ತಯಾರಾದವು.

ಖಬರಿ ತಂದ ಸುದ್ದಿ ಕೇಳಬೇಕಿತ್ತು ನೀವು. ಏಳು ಮಂದಿ ಅಪರಿಚಿತರು ಗಂಟು ಹೊತ್ತುಕೊಂಡು ಕಾಲುವೆ ದಂಡೆಯ ಮೇಲೆ ಹೋದರು ಎಂದ ಒಂದು ಸಲ. ಅಂದು ಕೆಂಭಾವಿ ಸಂತೆ. ಆ ಏಳು ಮಂದಿ ಬಟ್ಟೆ ಮಾರುವವರು. ಅವರಲ್ಲಿ ಒಬ್ಬನಿಂದ ನಾನೇ ಒಂದು ಇಳಕಲ್ ಸೀರೆ ತಗೊಂಡಿದ್ದೆ. ಹೇಳಿದೆ. “ಇರ್ಲಿ ಬಿಡ್ರಿ, ನೀವು ಅಪರಿಚಿತರು ಅಂತನ ಬರೀರಿ. ನನಗಂತೂ ಪರಿಚಯ ಇಲ್ಲ” ಎಂದರು ಸಾಹೇಬರು. ನಾನು ಬರೆದೆ. ಸುಳ್ಳೇಕೆ ಹೇಳಲಿ, ಅಷ್ಟಕ್ಕೇ ಬಿಡಲೂ ಇಲ್ಲ. ‘ಅವರ ನಡಿಗೆಯಲ್ಲಿ ತರಬೇತಿಯ ಲಕ್ಷಣ ಕಂಡುಬಂದಿತು’ ಎಂದು ನನ್ನ ಕಡೆಯಿಂದ ಒಂದು ಸಾಲು ಸೇರಿಸಿದೆ. ಆ ಸಾಲಿಗೆ ಮೇಲಿನಿಂದ ಶಾಭಾಸ್‌ಗಿರಿ ಬಂತಂತೆ. ಅದನ್ನು ಕೇಳಿ ಎರಡು ದಿನ ಖುಷಿಯಾಗಿದ್ದೆ, ಥೂ ನನ್ನ ಬುದ್ಧಿಗೆ. ಅದೇ ವರ್ಷ ದೂರದ ಊರಿಗೆ ನನ್ನ ವರ್ಗವಾಗಿತ್ತು. ಸಾಹೇಬರು ಯಾರಿಗೋ ಒಂದು ಮಾತು ಹೇಳಿ ನಿಲ್ಲಿಸಿದರು. ಆಮೇಲೆ ಬರೆಯುವುದಿಲ್ಲ ಎನ್ನುವ ಬಾಯಿ ನನಗೆ ಉಳಿಯಲಿಲ್ಲ.

ಮುಂದೆ ಮೇಲಿನಿಂದ ಇನ್ನೊಂದು ಹುಕುಂ ಬಂತು. ಜಿಲ್ಲೆಯಲ್ಲೆಲ್ಲ ಗಾಂಜಾ ಹಿಡಿಯಬೇಕು, ಹಿಡಿದು ತೋರಿಸಬೇಕು. ಖಬರಿಯ ಹೊಲಕ್ಕೆ ಕೈ ಹಾಕುವಂತಿಲ್ಲ, ಅವನು ದೇಶದ ಆಸ್ತಿ. ಹಾಗಾದರೆ ಗಾಂಜಾ ಸಿಗಬೇಕಾದದ್ದು ಎಲ್ಲಿ? ಊರ ಹೊರಗೆ ಒಂಟಿ ಮನೆಯಲ್ಲಿದ್ದ ಒಬ್ಬ ಕೂಲಿ ಹೆಂಗಸಿನ ಹಿತ್ತಲಲ್ಲಿ ಸಿಕ್ಕಿತು. ಗಂಡ ಮುಂಬೈಗೆ ದುಡಿಯಲು ಹೋಗಿ ವರ್ಷವಾಗಿತ್ತು. ಅವಳ ತಪ್ಪೇನೆಂದರೆ ಬಾಯಿ. ಖಬರಿಯ ತೊಗರಿಗೆ ಕಳೆ ತೆಗೆಯಲು ಕರೆದಾಗ, “ಯವ್ವಾ, ಅವನ ಹೊಲದಾಗ ಕುಂತ್ರ ತಲಿ ತಿರಗತದ, ನಾ ಬರಂಗಿಲ್ಲ” ಎಂದು ನಾಲ್ಕು ಮಂದಿಯ ಎದುರು ಹೇಳಿ ನಗಾಡಿದ್ದಳು. ನಾಲ್ಕು ಮಂದಿಯೂ ನಕ್ಕಿದ್ದರು.

ಜಪ್ತಿಗೆ ಊರಿನ ಇಬ್ಬರು ಸಾಕ್ಷಿ ನಿಂತು ಪಂಚನಾಮೆಗೆ ಸಹಿ ಹಾಕಬೇಕು. ಹೆಂಗಸಿನ ಮನೆ, ಹೆಂಗಸರೇ ಬೇಕು ಎಂದು ನನ್ನನ್ನೂ ಒಬ್ಬ ಮುದುಕಿಯನ್ನೂ ಕರೆಸಿದರು. ಹಿತ್ತಲಿಗೆ ಹೋದಾಗ ಠಾಣೆಯ ಜಮಾದಾರ ಒಂದು ಚೀಲದ ಬಾಯಿ ಬಿಚ್ಚಿ ಗಿಡಗಳನ್ನು ನೆಲಕ್ಕೆ ಸುರಿದ. ಬೇರಿಗೆ ಹಸಿ ಎರೆ ಮಣ್ಣು ಮೆತ್ತಿತ್ತು, ಕರೀ ಮಣ್ಣು. ಅವಳ ಹಿತ್ತಲೆಂದರೆ ಬರೀ ಕೆಂಪು ಗರಸು, ಕುಂಬಳ ಬಳ್ಳಿಯೂ ಹಬ್ಬಲಾರದ ಕಲ್ಲುಮಣ್ಣಿನ ಜಾಗ. ಕಾಲುವೆಯ ನೀರು ಅಲ್ಲಿಂದ ಅರ್ಧ ಹರದಾರಿ ದೂರ. ನನಗೆ ಒಂದೇ ನೋಟಕ್ಕೆ ತಿಳಿಯಿತು. ಜಮಾದಾರನಿಗೂ ತಿಳಿದಿತ್ತು, ಮುದುಕಿಗೂ ತಿಳಿದಿತ್ತು.

“ಠಾಣೇದ ರೈಟರ್ ರಜಾದ ಮ್ಯಾಗ ಹೋಗ್ಯಾನ್ರಿ ಅಕ್ಕೋರ, ನೀವೇ ಬರೀರಿ” ಎಂದರು ಸಾಹೇಬರು. ಅವರು ಹೇಳುತ್ತ ಹೋದರು, ನಾನು ಬರೆಯುತ್ತ ಹೋದೆ. ‘ಆರೋಪಿಯ ಹಿತ್ತಲಿನಲ್ಲಿ ಬೆಳೆಸಿದ್ದ ಗಾಂಜಾ ಗಿಡಗಳು.’ ಬೆಳೆಸಿದ್ದ ಎಂದು ಬರೆಯುವಾಗ ಕೈ ಒಂದು ಕ್ಷಣ ನಿಂತಿತು. ನಿಂತದ್ದು ಬಿಟ್ಟರೆ ಬೇರೇನೂ ಮಾಡಲಿಲ್ಲ. ಅಳುತ್ತಿದ್ದ ಆ ಕೂಲಿ ಹೆಂಗಸು ನನ್ನ ಮುಖ ನೋಡಿ ಅಳು ನಿಲ್ಲಿಸಿದಳು. “ಅಕ್ಕೋರು ಬರದಾರಂದ್ರ ಖರೇನ ಬರದಿರ್ತಾರ್ರಿ” ಎಂದು ಜಮಾದಾರನಿಗೆ ಹೇಳಿ ಹೆಬ್ಬೆಟ್ಟು ಒತ್ತಿದಳು. ಅವಳನ್ನು ಜೀಪಿನಲ್ಲಿ ಕೂರಿಸಿಕೊಂಡು ಹೋದರು.

ಎಂಟು ತಿಂಗಳು ಜೈಲಿನಲ್ಲಿದ್ದಳು. ಆ ಎಂಟು ತಿಂಗಳು ನಾನು ಪಾಠ ಮಾಡಿದೆ, ಉಂಡೆ, ಮಲಗಿದೆ. ಅವಳ ಮನೆಯ ದಾರಿ ಮಾತ್ರ ಬಿಟ್ಟು ಸುತ್ತು ಹಾಕಿ ಬಸ್ ಸ್ಟ್ಯಾಂಡಿಗೆ ಹೋಗುತ್ತಿದ್ದೆ. ಶಿಕ್ಷೆಯಾದರೆ ಹತ್ತು ವರ್ಷವೆಂದು ಯಾರೋ ಹೇಳಿದರು. ಆ ರಾತ್ರಿ ಯಜಮಾನರ ಎದುರು ಎಲ್ಲ ಕಕ್ಕಿಬಿಟ್ಟೆ. ಅವರು, “ಖರೆ ಹೇಳಿದ್ರ ನಿನ್ನ ನೌಕರಿಗಿ ತ್ರಾಸ. ಹೇಳದಿದ್ರ ನೀ ಹಿಂಗೇ ಸುತ್ತ ಹಾಕ್ಕೋತ ತಿರಗತಿ” ಎಂದರು. ಕೋರ್ಟಿನ ದಿನ ಸಾಹೇಬರು ಮೆಟ್ಟಿಲ ಹತ್ತಿರ ಕಾದು, “ಏನ್ ಕೇಳಿದ್ರೂ ಹೌದ್ರಿ ಅನ್ರಿ, ಮುಗೀತು” ಎಂದರು.

ಜಡ್ಜ್ ಸಾಹೇಬರು ಕರಾವಳಿಯವರು. ಅಕ್ಷರ ನಿಮ್ಮದೇ ಎಂದು ಕೇಳಿದರು. ಹೌದು ಎಂದೆ. ಗಿಡ ಬೆಳೆದು ನಿಂತಿದ್ದನ್ನು ನೋಡಿದಿರಾ ಎಂದರು. ಕಟಕಟೆಯಲ್ಲಿ ಅವಳು ನಿಂತಿದ್ದಳು, ಎಲುಬಿನ ಹಂದರವಾಗಿ. “ಇಲ್ಲ ಸ್ವಾಮಿ, ಚೀಲದಿಂದ ಬಿದ್ದದ್ದನ್ನು ನೋಡಿದೆ. ಬೇರಲ್ಲಿದ್ದದ್ದು ಎರೆ ಮಣ್ಣು, ಹಿತ್ತಲು ಗರಸು” ಎಂದೆ. ಅವರಿಗೆ ಎರೆ ಯಾವುದು, ಗರಸು ಯಾವುದು ಎಂದು ತಿಳಿಸುವುದಕ್ಕೆ ಕಾಲು ಗಂಟೆ ಬೇಕಾಯಿತು. ವಕೀಲರು, ಸರಕಾರಿ ವಕೀಲರು, ಬಾಗಿಲಲ್ಲಿದ್ದ ಜವಾನ ಎಲ್ಲರೂ ಸೇರಿ ಅವರಿಗೆ ಮಣ್ಣಿನ ಪಾಠ ಮಾಡಿದರು. ಕೊನೆಗೆ, “ಎಲ್ಲ ಗೊತ್ತಿದ್ದೂ ಹೀಗೇಕೆ ಬರೆದಿರಿ?” ಎಂದು ಕೇಳಿದರು. “ನನ್ನ ಅಕ್ಷರ ಚಂದ ಇದೆ ಸ್ವಾಮಿ” ಎಂಬ ಮಾತು ಬಾಯಿಂದ ಬಿದ್ದುಹೋಯಿತು. ಕೋರ್ಟು ಘೊಳ್ಳೆಂದು ನಕ್ಕಿತು. ನನಗೆ ನಿಂತ ಜಾಗ ಬಾಯ್ದೆರೆಯಬಾರದೇ ಅನ್ನಿಸಿತು.

ಅವಳ ಬಿಡುಗಡೆಯಾಯಿತು. ನನಗೆ ಮೇಲಿನವರ ಬೈಗುಳ, ಆ ವಾರವೇ ಗುರುಮಠಕಲ್ ಕಡೆ ವರ್ಗದ ಆರ್ಡರು. ಟ್ರಂಕು ಕಟ್ಟುತ್ತ ಕೂತಿದ್ದಾಗ ಬಾಗಿಲಲ್ಲಿ ಅವಳೇ ನಿಂತಿದ್ದಳು. ಕೈ ಮುಗಿಯಲು ಬಂದಿರಬೇಕು ಎಂದುಕೊಂಡೆ ನಾನು, ನಾಚಿಕೆ ಇಲ್ಲದವಳು. “ಬರ್ರಿ ಅಕ್ಕೋರ, ನಮ್ಮ ಹಿತ್ತಲಕ್ಕ ಬರ್ರಿ” ಎಂದಳು.

ಹೋಗಿ ನೋಡಿದರೆ ಎಲಾ ಇವನ! ಮನೆ ಖಾಲಿಯಿದೆ ಎಂದು ಖಬರಿ ಟ್ರ್ಯಾಕ್ಟರಿನಲ್ಲಿ ಎರೆ ಮಣ್ಣು ತಂದು ಸುರಿದು, ಅರ್ಧ ಹರದಾರಿ ದೂರದಿಂದ ನೀರಿನ ಕಾಲುವೆ ಕಡಿದು, ಹಿತ್ತಲ ತುಂಬ ತೊಗರಿ ಹಾಕಿದ್ದ. ತೊಗರಿಯ ನಡುವೆ ಎದೆಮಟ್ಟ ಗಾಂಜಾ. ನಾನು ಬರೆದ ಪಂಚನಾಮೆಯ ಒಂದೊಂದು ಮಾತೂ ಖರೆಯಾಗಿ ಎದುರು ನಿಂತಿತ್ತು. ನಾಳೆ ಜೀಪು ಬಂದರೆ ಈ ಸಲ ಚೀಲದ ಅಗತ್ಯವೂ ಇರಲಿಲ್ಲ.

“ಕಿತ್ತರ ಮುಚ್ಚಿಟ್ಳು ಅಂತಾರ, ಬಿಟ್ಟರ ಬೆಳೆಸಿದ್ಳು ಅಂತಾರ. ಮತ್ತ ನಾ ಜೈಲಿಗಿ ಹೋಗಂಗಿಲ್ಲ. ಕುಂತ್ ಈಗ ಬರೀರಿ” ಎಂದಳು. ಅಲ್ಲೇ ಕಟ್ಟೆಯ ಮೇಲೆ ಕೂತು ಬರೆದೆ. ಒಂದೊಂದು ಸಾಲೂ ಓದಿಸಿಕೊಂಡಳು. ಮಣ್ಣು ತಂದವನು ಯಾರು, ನೀರು ಯಾವ ತೂಬಿನದು, ಬಿತ್ತಿದವನು ಯಾರು. ಕೊನೆಗೆ, “ಮೊದಲಿಂದು ಸುಳ್ಳ ಅಂತನೂ ಹಾಕ್ರಿ. ಯಾರು ಬರದಿದ್ರು ಅಂತನೂ ಹಾಕ್ರಿ” ಎಂದಳು. ಹಾಕಿದೆ.

ಇಬ್ಬರೂ ಬಸ್ಸು ಹತ್ತಿ ಠಾಣೆಗೆ ಹೋದೆವು. ಅವಳು ಮೆಟ್ಟಿಲ ಹತ್ತಿರವೇ ನಿಂತಳು, ನಾನೊಬ್ಬಳೇ ಒಳಗೆ ಹೋದೆ. ರಜೆಯಿಂದ ಯಾವಾಗಲೋ ಬಂದಿದ್ದ ರೈಟರ್ ಕಾಗದ ತಿರುಗಿಸಿ ನೋಡಿ ವಾಪಸು ಕೊಟ್ಟ. “ಈ ಅಕ್ಷರ ಸುಳ್ಳ ಬರೀತದ ಅಂತ ಕೋರ್ಟಿನಾಗ ನೀವೇ ಹೇಳೀರಲ್ರಿ ಅಕ್ಕೋರ. ಹೆಂಗ ತಗೊಳ್ಳಾಕ ಬರ್ತದ?” ಅವನು ಹೇಳಿದ್ದರಲ್ಲಿ ತಪ್ಪು ಹುಡುಕೋಣವೆಂದರೆ ಒಂದೂ ಸಿಗಲಿಲ್ಲ.

ಹೊರಗೆ ಬಂದು ತಗೊಳ್ಳಲಿಲ್ಲ ಎಂದೆ. ಅವಳು ಠಾಣೆಯ ಎದುರಿನ ರಸ್ತೆ ನೋಡಿದಳು. ಅಂದು ಅಲ್ಲಿ ಸಂತೆ, ಮೆಣಸಿನಕಾಯಿ ಮಾರುವವರು, ಕೊಳ್ಳುವವರು, ನಮ್ಮೂರಿನವರೇ ಇಪ್ಪತ್ತು ಮಂದಿ. “ತಗೋಬ್ಯಾಡ್ರಿ ಅನ್ರಿ. ನೀವು ಇಲ್ಲೇ ನಿಂತ ಓದ್ರಿ. ಜೋರ್ಲೆ ಓದ್ರಿ, ಸಾಲ್ಯಾಗ ಓದಿದಂಗ” ಎಂದಳು. ಮೆಟ್ಟಿಲ ಮೇಲೆ ನಿಂತು ಓದತೊಡಗಿದೆ. ಮೊದಲು ಇಬ್ಬರು ನಿಂತರು, ಆಮೇಲೆ ತಕ್ಕಡಿ ಕೆಳಗಿಟ್ಟು ಹತ್ತು ಮಂದಿ ಬಂದರು. ಖಬರಿಯ ಹೊಲದ ಮಾತು ಬಂದಾಗ ನಗು ಎದ್ದಿತು, ಸಾಹೇಬರ ಮಾತು ಬಂದಾಗ ಸೀಟಿ ಹೊಡೆದರು. ಜಮಾದಾರ ಓಡಿಬಂದು, “ಸಾಕ್ರಿ ಅಕ್ಕೋರ, ಮರ್ಯಾದಿ ಕಳೀಬ್ಯಾಡ್ರಿ. ಒಳಗ ಬರ್ರಿ, ಕಾಗದ ತಗೋತೀವಿ, ಸಿಕ್ಕಾ ಹೊಡದ ರಸೀದಿ ಕೊಡ್ತೀವಿ” ಎಂದ. ನಾನು ಕಾಗದ ಮಡಿಚಿ ಒಳಗೆ ಹೊರಟೆ.

ಅವಳು ನನ್ನ ರಟ್ಟೆ ಹಿಡಿದು ನಿಲ್ಲಿಸಿದಳು.

“ತಡೀರಿ ಜಮಾದಾರ್ರ, ಇನ್ನೂ ಮುಗದಿಲ್ಲ. ಅಕ್ಕೋರ, ಕಡೀ ಸಾಲ ಉಳದದ. ಮೊದಲಿಂದು ಸುಳ್ಳ ಬರದಾಕಿ ಯಾರು ಅನ್ನೋದು. ಅದನ್ನ ಓದ್ರಿ.”

ಓದಿದೆ.

“ಹಿಂದಿನವರಿಗಿ ಕೇಳಿಲ್ಲ. ಮತ್ತೊಮ್ಮೆ ಓದ್ರಿ” ಎಂದಳು.