ಕಾಮಾ ಮೇಷ್ಟ್ರ ಖಾಲಿ ಅಂಕಣ

ನಮ್ಮ ಪರೀಕ್ಷಾ ಕಚೇರಿಯ ಕಂಪ್ಯೂಟರ್ ವಿಭಾಗದ ಹಿರಿಯರು ಒಂದು ದಿನವೂ ಪಾಠ ಮಾಡಿದವರಲ್ಲ, ಆದರೂ ಎಲ್ಲರಿಗೂ ಅವರು ಕಾಮಾ ಮೇಷ್ಟ್ರು. ಶಾಲೆಗಳು ಕಳಿಸುವ ಟೆಕ್ಸ್ಟ್ ಫೈಲಿನಲ್ಲಿ ಸಾಲಿಗೊಂದು ಮಗು: ಹೆಸರು, ಹುಟ್ಟಿದ ದಿನ, ತಂದೆಯ ಹೆಸರು, ವಿಳಾಸ. ಅವರು ಬರೆದ ಪ್ರೋಗ್ರಾಂ ಕಾಮಾ ಕಂಡಲ್ಲಿ ಸಾಲನ್ನು ಕತ್ತರಿಸಿ, ಒಂದೊಂದು ತುಂಡನ್ನೂ ಅದರದರ ಅಂಕಣಕ್ಕೆ ತುಂಬುತ್ತದೆ. ಯಾರೋ ಪುಣ್ಯಾತ್ಮ ಹೆಸರಿನ ನಡುವೆಯೇ ಒಂದು ಕಾಮಾ ಹಾಕಿದನೋ, ಮುಗಿಯಿತು. ಇನಿಶಿಯಲ್ಲು ಹುಟ್ಟಿದ ದಿನವಾಗುತ್ತದೆ, ಹುಟ್ಟಿದ ದಿನ ಅಪ್ಪನಾಗುತ್ತದೆ. ಆಗ ಮೇಷ್ಟ್ರು ಕನ್ನಡಕವನ್ನು ಹಣೆಗೇರಿಸಿ, ಕಣ್ಣುಜ್ಜಿಕೊಂಡು, "ಇಪ್ಪತ್ತೆರಡು ವರ್ಷದಿಂದ ಬಡ್ಕೋತಿದೀನಿ, ಉಪ್ಪು ಉದುರಿಸ್ದಂಗೆ ಕಾಮಾ ಉದುರಿಸ್ಬೇಡ್ರಪ್ಪಾ ಅಂತ" ಎಂದು ಫೋನಿನಲ್ಲಿ ಗೊಣಗುತ್ತಾರೆ. ಅಂಕಣವೊಂದು ಖಾಲಿ ಇದ್ದರಂತೂ ಸಾಲು ಮುಲಾಜಿಲ್ಲದೆ ವಾಪಸ್ಸು. ಹೆಡ್‌ಮಾಸ್ಟರೇ ಬಂದು ಕೈಮುಗಿದರೂ ಜಗ್ಗುವುದಿಲ್ಲ. ಅವರು ರಜೆ ಹಾಕಿದ ದಿನ ಆ ಪ್ರೋಗ್ರಾಮನ್ನು ನಾನು ಓದಿದೆ. ತಂದೆಯ ಹೆಸರಿನ ಅಂಕಣವೊಂದು ಖಾಲಿ ಇದ್ದರೆ ಮಾತ್ರ ಅದು ಆ ಸಾಲನ್ನು ತಕರಾರಿಲ್ಲದೆ ಒಳಗೆ ಬಿಟ್ಟುಕೊಳ್ಳುತ್ತಿತ್ತು. ಮರುದಿನ, "ಇದೊಂದು ಬಿಟ್ಟುಹೋಗಿದೆ ಸಾರ್" ಎಂದೆ. "ಬಿಟ್ಟುಹೋಗಿಲ್ಲ ಕಣಯ್ಯ, ನಾನೇ ಬಿಟ್ಟಿದೀನಿ" ಎಂದರು ಪರದೆಯಿಂದ ಕಣ್ಣೆತ್ತದೆ. "ಅಲ್ಲೇನು ಬರೀಬೇಕು ಅಂತ ತಿಳೀದೆ ನಮ್ಮಮ್ಮ ಅರ್ಜಿ ಹಿಡ್ಕೊಂಡು ಸಂಜೆವರೆಗೂ ಶಾಲೆ ಬಾಗಿಲಲ್ಲಿ ನಿಂತಿದ್ಲು. ಪಕ್ಕದಲ್ಲಿ ನಾನೂ ಇದ್ದೆ."